ಆನೆಗೆ ಹಗ್ಗ ಕಟ್ಟಿದವರು ಯಾರು?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮ ಜಿಲ್ಲೆಯವರು ಪಟ್ಟಿಯನ್ನ ಕೆಳಗಿನಿಂದ ಓದ್ತಾರೆ. ಮೇಲಿನಿಂದ ಓದಿಕೊಂಡು ಬಂದರೂ ಅಲ್ಲಿಗೇ ತಲುಪೋದು, ಸುಮ್ಮನೆ ಟೈಮ್ ಯಾಕೆ ಹಾಳು ಮಾಡ್ಕೋಬೇಕು ಅಂತ. 2024ರ ಮೇ ತಿಂಗಳಲ್ಲೂ ಹಾಗೇ ಆಯ್ತು. ಮೊದಲ ಸ್ಥಾನ ಉಡುಪಿ, ಶೇ. 94. ಕೊನೆಯ ಸ್ಥಾನ ಯಾದಗಿರಿ, ಶೇ. 50.59. ಫೇಲಾದ ಆ ಅರ್ಧದಲ್ಲಿ ನಮ್ಮ ಕಾಕಾನ ಮಗನೂ ಒಬ್ಬ. ಗಣಿತ, ವಿಜ್ಞಾನ, ಇಂಗ್ಲಿಷ್, ಮೂರು ಹೋಗಿದ್ದವು. ಫೋನ್ ಮಾಡಿದೆ. ಅಳ್ತಿರ್ತಾನೆ ಅಂದ್ಕೊಂಡಿದ್ದೆ, ಅಳ್ತಿರಲಿಲ್ಲ.

"ನಮ್ಮ ಕಡಿ ಹಿಂಗೇ ಅಲ್ಲೇನಕ್ಕಾ, ಹೊಸಾದೇನದ ಅದರಾಗ" ಅಂದ. ಆಮೇಲೆ, "ಓಣ್ಯಾನ ಮಂದಿ ಬೆಂಗಳೂರಿಗೆ ಹೊಂಟಾರ, ಬಿಲ್ಡಿಂಗ್ ಕೆಲಸಕ್ಕ. ನಾನೂ ಬರ್ತೀನಿ" ಅಂದ.

ಅದರ ಮುಂದಿನ ವಾರ ನಮ್ಮ ಆಫೀಸಿನಲ್ಲಿ ಅರ್ಧ ದಿನದ ಒಂದು ಸೆಷನ್ ಇತ್ತು. ವಿಷಯ: ಯಶಸ್ಸಿಗೆ ಅಡ್ಡ ಬರುವ ನಮ್ಮದೇ ನಂಬಿಕೆಗಳು. ಟ್ರೇನರ್ ಚೆನ್ನಾಗಿ ಮಾತಾಡ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಶುರುವಿಗೇ ಆನೆ ಕಥೆ ಹೇಳಿದರು. ನೀವೂ ಕೇಳಿರ್ತೀರಿ. ಮರಿಯಾಗಿದ್ದಾಗ ಆನೆಯನ್ನ ಹಗ್ಗದಿಂದ ಕಟ್ಟಿರ್ತಾರೆ, ಅದು ಎಷ್ಟು ಎಳೆದರೂ ಬಿಚ್ಚೋದಿಲ್ಲ. ದೊಡ್ಡದಾದ ಮೇಲೆ ಒಂದೇ ಜಗ್ಗಿಗೆ ಹರಿಯುವಂಥ ಹಗ್ಗ ಕಟ್ಟಿದರೂ ಎಳೆಯೋದಿಲ್ಲ, ಯಾಕಂದ್ರೆ ತನ್ನಿಂದ ಆಗೋದಿಲ್ಲ ಅಂತ ನಂಬಿಬಿಟ್ಟಿರ್ತದೆ. ಕಥೆ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಹಳದಿ ಚೀಟಿ ಕೊಟ್ಟು "ನಿಮ್ಮ ಹಗ್ಗ ಯಾವುದು ಬರೀರಿ" ಅಂದರು. ನಾನು ಬರೆದದ್ದು: ನಮ್ಮ ಕಡೆಯವರಿಗೆ ಇದೆಲ್ಲ ಆಗೋದಲ್ಲ. ಎಲ್ಲರೂ ಚೀಟಿ ಹರಿದು ಬುಟ್ಟಿಗೆ ಹಾಕಿ ಚಪ್ಪಾಳೆ ತಟ್ಟಿದ್ವಿ.

ಊಟದ ಸಾಲಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಿಮ್ಮದು ಯಾವೂರು ಅಂತ ಕೇಳಿದಳು. "ಗುಲ್ಬರ್ಗಾ ಸೈಡ್" ಅಂದೆ. ಚೀಟಿ ಹರಿದು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ನನ್ನ ಊರು ಸುರಪುರ. ಯಾದಗಿರಿ ಜಿಲ್ಲೆ ಗುಲ್ಬರ್ಗಾದಿಂದ ಬೇರೆಯಾಗಿದ್ದು 2009ರ ಡಿಸೆಂಬರ್‌ನಲ್ಲಿ. ನಾನು ಮಾತ್ರ ಇನ್ನೂ ಬೇರೆಯಾಗಿಲ್ಲ.

ಅವತ್ತಿನಿಂದ ಆ ಆನೆ ನನ್ನ ಹಿಂದೆ ಬಿದ್ದಿದೆ. ಎಷ್ಟೋ ಸಲ ಕೇಳಿದ ಕಥೆ, ಆದರೂ ಒಂದು ಪ್ರಶ್ನೆ ನನಗೆ ಯಾವತ್ತೂ ಹೊಳೆದಿರಲಿಲ್ಲ. ಆ ಕಥೆಯಲ್ಲಿ ಮಾವುತ ಎಲ್ಲಿ ಹೋದ? ಹಗ್ಗ ಇದೆ, ಗೂಟ ಇದೆ, ಆನೆ ಇದೆ, ಆನೆಯ ಮನಸ್ಸಿನೊಳಗೆ ಏನಿದೆ ಅನ್ನೋದೂ ನಮಗೆ ಗೊತ್ತಿದೆ. ಹಗ್ಗ ಕಟ್ಟಿದವನು ಮಾತ್ರ ಕಾಣೋದಿಲ್ಲ. "ಕಟ್ಟಿರ್ತಾರೆ" ಅಂತಷ್ಟೇ. ಯಾರು ಕಟ್ಟಿರ್ತಾರೆ? ಆನೆ ನಿಜವಾಗಲೂ ಹಗ್ಗ ಹರಿದುಕೊಂಡಿತು ಅಂತಿಟ್ಟುಕೊಳ್ಳಿ, ಮುಂದೇನು? ಅಂಕುಶ ಇರೋದು ಯಾತಕ್ಕೆ? ಅದರ ಹೊಟ್ಟೆಗೆ ಹಾಕೋರು ಯಾರು?

ನಮ್ಮ ರಾಜ್ಯದಲ್ಲೇ ದುಬಾರೆ, ಸಕ್ರೆಬೈಲಿನಂಥ ಆನೆ ಬಿಡಾರಗಳಿವೆ. ಅಲ್ಲಿ ಸಾಕಾನೆಗಳನ್ನ ರಾತ್ರಿ ಮೇಯೋದಕ್ಕೆ ಕಾಡಿಗೆ ಬಿಡ್ತಾರೆ, ಬೆಳಿಗ್ಗೆ ಮಾವುತರು, ಕಾವಾಡಿಗಳು ಹುಡುಕಿಕೊಂಡು ಹೋಗಿ ಕರೆತರ್ತಾರೆ. ಕಾಡಿಗೆ ಬಿಡುವಾಗ ಕಾಲಿಗೆ ಇರೋದು ಸರಪಳಿ, ನಂಬಿಕೆಯ ಹಗ್ಗ ಅಲ್ಲ. ಅದು ಎಳೆದ ಗುರುತು ನೋಡಿಕೊಂಡೇ ಆನೆ ಎಲ್ಲಿದೆ ಅಂತ ಪತ್ತೆ ಹಚ್ಚೋದು. ಪುಂಡಾನೆ ಹಿಡಿದರೆ ಮರದ ದಿಮ್ಮಿಗಳ ಕ್ರಾಲ್‌ನಲ್ಲಿಟ್ಟು ಪಳಗಿಸ್ತಾರೆ. ಆನೆ ಜೊತೆ ದಿನಾ ಬದುಕುವ ಜನರಿಗೆ ಅದರ ಬಲದ ಬಗ್ಗೆ ಯಾವ ಭ್ರಮೆಯೂ ಇಲ್ಲ. ಭ್ರಮೆ ಇರೋದು ಎ.ಸಿ. ಹಾಲ್‌ನಲ್ಲಿ ಆನೆ ಕಥೆ ಕೇಳುವ ನಮಗೆ.

ಇಷ್ಟು ಓದಿ, ಇವಳು ಪಾಸಿಟಿವ್ ಥಿಂಕಿಂಗ್ ವಿರೋಧಿ ಅಂತ ತೀರ್ಮಾನಕ್ಕೆ ಬರಬೇಡಿ. "ನನ್ನಿಂದ ಆಗಲ್ಲ" ಅನ್ನೋ ಮಾತು ಮನುಷ್ಯರನ್ನ ನಿಜವಾಗಲೂ ಹಿಡಿದಿಡುತ್ತೆ. ಇದಕ್ಕೆ ಒಳ್ಳೆಯ ಪುರಾವೆ ನಮ್ಮ ದೇಶದ್ದೇ ಇದೆ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದ್ದರು. ಆರು, ಏಳನೇ ಕ್ಲಾಸಿನ 642 ಹುಡುಗರು, ಅರ್ಧದಷ್ಟು ಮೇಲ್ಜಾತಿ, ಅರ್ಧದಷ್ಟು ಕೆಳಜಾತಿ ಅನ್ನಿಸಿಕೊಂಡವರು. ಕಾಗದದ ಮೇಲಿನ ಗೋಜಲು ದಾರಿ ಬಿಡಿಸುವ ಆಟ ಕೊಟ್ಟರು, ಬಿಡಿಸಿದರೆ ದುಡ್ಡು. ಜಾತಿ ಹೇಳದೇ ಆಡಿಸಿದಾಗ ಎರಡೂ ಕಡೆಯವರು ಸರಿಸಮ. ಆಟಕ್ಕೆ ಮೊದಲು ಹುಡುಗರ ಹೆಸರು, ಊರಿನ ಜೊತೆ ಜಾತಿಯನ್ನೂ ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹೇಳಿದಾಗ ಕೆಳಜಾತಿ ಹುಡುಗರು ದೊಡ್ಡ ಅಂತರದಲ್ಲಿ ಹಿಂದೆ ಬಿದ್ದರು. ಅಂಥದೇ ಹುಡುಗರು, ಅದೇ ಆಟ.

ಟ್ರೇನರ್‌ಗಳು ಈ ಪ್ರಯೋಗವನ್ನ ಇಲ್ಲಿಗೆ ನಿಲ್ಲಿಸಿ "ನೋಡಿ, ಎಲ್ಲಾ ತಲೆಯೊಳಗೇ ಇದೆ" ಅನ್ನಬಹುದು. ಆದರೆ ಅದು ಮುಂದೆಯೂ ಇದೆ. ಬಹುಮಾನ ಯಾರಿಗೆ ಅನ್ನೋದನ್ನ ಮನುಷ್ಯರ ಕೈಯಿಂದ ತೆಗೆದು ಚೀಟಿ ಎತ್ತುವ ಪದ್ಧತಿ ಮಾಡಿದಾಗ ಆ ಅಂತರ ಮಾಯವಾಯ್ತು. ಅಂದರೆ ಆ ಹುಡುಗರು "ನನಗೆ ಬುದ್ಧಿ ಇಲ್ಲ" ಅಂದುಕೊಂಡು ಸೋತಿರಲಿಲ್ಲ. "ಎಷ್ಟು ಚೆನ್ನಾಗಿ ಆಡಿದರೂ ಇವರು ನಮಗೆ ಸರಿಯಾಗಿ ಕೊಡೋದಿಲ್ಲ" ಅನ್ನೋ ಲೆಕ್ಕ ಅವರ ಮನಸ್ಸಿನಲ್ಲಿತ್ತು. ಆ ಲೆಕ್ಕಕ್ಕೆ ಅವರ ಅಪ್ಪ, ಅಜ್ಜಂದಿರ ಕಾಲದಿಂದ ಆಧಾರವೂ ಇತ್ತು. ನಾವು ನಂಬಿಕೆ ಅಂತ ಕರೆಯೋದು ಎಷ್ಟೋ ಸಲ ಹಳೆಯ ಖಾತೆ ಪುಸ್ತಕ. ಪುಟ ಹರಿದರೆ ಬಾಕಿ ತೀರೋದಿಲ್ಲ.

ಸೋತವರ ಕಥೆಯನ್ನ ಬೇರೆಯವರು ಹೇಳುವಾಗ ಸೋಲಿನ ಕಾರಣ ಸೋತವರ ತಲೆಯೊಳಗೆ ಹೋಗಿ ಕೂರೋದು ಹೊಸದೇನಲ್ಲ. ನಮ್ಮೂರಿನದೇ ಒಂದು ಹಳೆಯ ಉದಾಹರಣೆ ಹೇಳ್ತೀನಿ. ಸುರಪುರಕ್ಕೆ ಬಂದವರಿಗೆ ಗುಡ್ಡದ ಮೇಲಿನ ಟೇಲರ್ ಮಂಜಿಲ್ ತೋರಿಸ್ತಾರೆ. ಫಿಲಿಪ್ ಮೆಡೋಸ್ ಟೇಲರ್ ಅನ್ನೋ ಬ್ರಿಟಿಷ್ ಅಧಿಕಾರಿ 1841ರಿಂದ 1853ರವರೆಗೆ ಇಲ್ಲಿದ್ದ. ಬಾಲಕ ರಾಜ ವೆಂಕಟಪ್ಪ ನಾಯಕ ಅವನ ಕಣ್ಣೆದುರೇ ಬೆಳೆದವನು, ಅವನನ್ನ ಅಪ್ಪಾ ಅಂತಲೇ ಕರೀತಿದ್ದ. 1858ರಲ್ಲಿ ಅದೇ ರಾಜ ಬ್ರಿಟಿಷರ ವಿರುದ್ಧ ಎದ್ದ, ಸೋತ, ಸೆರೆಸಿಕ್ಕ. ಮರಣದಂಡನೆ ಕಡಿಮೆಯಾಗಿ ನಾಲ್ಕು ವರ್ಷದ ಸೆರೆಯಾಯ್ತು. ಆ ಸೆರೆಗೆ ಕರೆದೊಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ಅದು ಆತ್ಮಹತ್ಯೆಯೋ ಕೊಲೆಯೋ ಅನ್ನೋ ವಾದ ನಮ್ಮೂರ ಕಟ್ಟೆಗಳ ಮೇಲೆ ಇನ್ನೂ ಮುಗಿದಿಲ್ಲ.

ಟೇಲರ್ ಇದನ್ನ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ, ಅವನು ಸತ್ತ ಮೇಲೆ 1877ರಲ್ಲಿ ಅಚ್ಚಾದ 'ಸ್ಟೋರಿ ಆಫ್ ಮೈ ಲೈಫ್'ನಲ್ಲಿ. ಚೆಂದದ ಪುಸ್ತಕ. ಸುರಪುರದ ಮೇಲೆ ಅವನಿಗೆ ಪ್ರೀತಿ ಇತ್ತು ಅನ್ನೋದು ಪ್ರತಿ ಪುಟದಲ್ಲೂ ಗೊತ್ತಾಗ್ತದೆ. ಆದರೆ ರಾಜನ ಅಂತ್ಯಕ್ಕೆ ಬಂದಾಗ ಅವನ ಕಥೆಯ ಬೆನ್ನೆಲುಬು ಒಂದು ಜಾತಕ. ಈ ರಾಜ ಇಪ್ಪತ್ತನಾಲ್ಕನೇ ವರ್ಷ ದಾಟೋದಿಲ್ಲ ಅಂತ ಹುಟ್ಟಿದಾಗಲೇ ಜಾತಕ ಹೇಳಿತ್ತು, ಹಾಗೇ ಆಯ್ತು, ಅನ್ನೋ ರೀತಿ ಅದು ಸಾಗ್ತದೆ. ಓದುವಾಗ ಮೈ ಜುಂ ಅಂತದೆ. ಆದರೆ ಪುಸ್ತಕ ಮುಚ್ಚಿಟ್ಟು ಯೋಚಿಸಿದರೆ ಆ ಜಾತಕದ ನೆರಳಲ್ಲಿ ಎಷ್ಟು ಸಂಗತಿಗಳು ಮಸುಕಾಗಿವೆ ಅಂತ ಗೊತ್ತಾಗ್ತದೆ. ಸಂಸ್ಥಾನದ ಆಡಳಿತದಲ್ಲಿ ಕಂಪನಿ ಇಟ್ಟ ಕೈ, ಮುತ್ತಿಗೆ ಹಾಕಿದ ಸೈನ್ಯ, ಆಮೇಲೆ 1860ರಲ್ಲಿ ಸುರಪುರವನ್ನ ನಿಜಾಮನಿಗೆ ಕೊಟ್ಟುಬಿಟ್ಟ ನಿರ್ಧಾರ. ರಾಜಕೀಯದ ಸೋಲೊಂದು ನಂಬಿಕೆಯ ಕಥೆಯಾಗಿಬಿಡ್ತು. ಮಾವುತ ಇಲ್ಲೂ ಪಕ್ಕಕ್ಕೆ ಸರಿದ. ವ್ಯತ್ಯಾಸ ಅಂದರೆ ಇಲ್ಲಿ ಕಥೆ ಹೇಳಿದವನು ಅವನ ಕಡೆಯವನೇ.

ನಮ್ಮವರು ಇದಕ್ಕೆ ಎದುರಾಗಿ ಇನ್ನೊಂದು ಕಥೆ ಹೇಳ್ತಾರೆ. 1705ರಲ್ಲಿ ಔರಂಗಜೇಬ್ ಎಂಬತ್ತು ದಾಟಿದ ಮುದುಕ, ದೆಹಲಿ ಬಿಟ್ಟು ಬಂದು ನಮ್ಮ ವಾಗಣಗೇರಿ ಕೋಟೆಗೆ ತಾನೇ ಮುತ್ತಿಗೆ ಹಾಕಿದ್ದ, ಬೇಡರು ತಿಂಗಳುಗಟ್ಟಲೆ ಅವನನ್ನ ತಡೆದು ನಿಲ್ಲಿಸಿದ್ದರು ಅಂತ. ನಿಜ, ಅದು ಅವನ ಕೊನೆಯ ಮುತ್ತಿಗೆ. ಹೇಳುವಾಗ ನನಗೂ ಎದೆ ಉಬ್ಬುತ್ತೆ. ಆದರೆ ಬೀಜಗಣಿತಕ್ಕೆ ವಾಗಣಗೇರಿ ಉಪಯೋಗಕ್ಕೆ ಬರೋದಿಲ್ಲ, ನಾನು ನೋಡಿಬಿಟ್ಟಿದ್ದೀನಿ.

ಈಗ ಇವತ್ತಿನ ಹಗ್ಗಕ್ಕೆ ಬರೋಣ. ನಿಜಾಮನ ಹೈದರಾಬಾದಿನಲ್ಲಿ ಸರ್ಕಾರದ ಭಾಷೆ ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಮಾತಾಡುವವರಿಗೆ ಓದು, ನೌಕರಿ ಎರಡೂ ಬೇರೆ ಭಾಷೆಯಲ್ಲಿ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ವಿ. ಆಮೇಲೆ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನ 'ಅತ್ಯಂತ ಹಿಂದುಳಿದ' ಅಂತ ಗುರುತಿಸಿತು, ಅದರಲ್ಲಿ 21 ಗುಲ್ಬರ್ಗಾ ವಿಭಾಗದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿ. 2011ರ ಜನಗಣತಿಯಲ್ಲಿ ಯಾದಗಿರಿ ಸಾಕ್ಷರತೆ ಸುಮಾರು ಶೇ. 52, ರಾಜ್ಯದಲ್ಲೇ ಕಡಿಮೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು ತೆಗೆದು ಕಲ್ಯಾಣ ಕರ್ನಾಟಕ ಅಂತ ಮಾಡಿದರು. ಸರ್ಕಾರವೂ ಒಂದು ಹಳದಿ ಚೀಟಿ ಹರಿದ ಹಾಗಾಯ್ತು.

ಎಸ್ಸೆಸ್ಸೆಲ್ಸಿ ಅಂಕಿಯನ್ನೇ ಇನ್ನೊಂದು ಸಲ ನೋಡಿ. 2023ರಲ್ಲೂ ಯಾದಗಿರಿಯೇ ಕೊನೆ, ಆದರೆ ಆಗ ಶೇ. 75.49. ಒಂದೇ ವರ್ಷದಲ್ಲಿ ಇಪ್ಪತ್ತೈದು ಪಾಯಿಂಟ್ ಕುಸಿತ. ನಮ್ಮ ಮಕ್ಕಳ ಆತ್ಮವಿಶ್ವಾಸ ಒಂದು ವರ್ಷದಲ್ಲಿ ಅಷ್ಟು ಬಿದ್ದುಹೋಯ್ತಾ? ಇಲ್ಲ, ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಗ್ರೇಸ್ ಅಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಇಷ್ಟೇ. ಇದನ್ನ ಬರೆಯೋದಕ್ಕೆ ನನಗೆ ಖುಷಿ ಏನಿಲ್ಲ. ಊರಿನವರು ಬಯ್ಯಬಹುದು. ಆದರೆ ಹಿಂದಿನ ವರ್ಷಗಳ ಆ ಪಾಸಿನಲ್ಲಿ ಎಷ್ಟು ಕಲಿಕೆ ಇತ್ತು ಅಂತ ನಮ್ಮನ್ನ ನಾವೇ ಕೇಳಿಕೊಳ್ಳಬೇಕಲ್ಲ. ಕಾಪಿ ಹೊಡೆಸಿ ಪಾಸ್ ಮಾಡಿಸೋದು, ಪಾಠವಿಲ್ಲದೆ "ನಿನ್ನಿಂದ ಆಗುತ್ತೆ" ಅಂತ ಬೆನ್ನು ತಟ್ಟೋದು, ಎರಡೂ ಕೊಡೋದು ಒಂದನ್ನೇ: ಕೈಗೆ ವಿದ್ಯೆ ಬಾರದ ಧೈರ್ಯ. ಹತ್ತಿ ಬಿಡಿಸುವ ಕಾಲಕ್ಕೆ ಅರ್ಧ ಕ್ಲಾಸು ಹೊಲದಲ್ಲಿರ್ತದೆ, ಅಪ್ಪ ಅವ್ವ ಗುಳೆ ಹೋದರೆ ಮಕ್ಕಳೂ ಜೊತೆಗೆ ಹೋಗ್ತಾರೆ, ಗಣಿತಕ್ಕೆ ಅತಿಥಿ ಶಿಕ್ಷಕರು ಬಂದರೆ ಬಂದರು. ಇದರ ಮಧ್ಯೆ ಕೂತ ಹುಡುಗ "ನಮ್ಮ ಕಡಿ ಹಿಂಗೇ" ಅಂದರೆ ಅದು ಕೀಳರಿಮೆಯೋ, ವರದಿಯೋ?

ನಮ್ಮ ಕಾಕಾನ ಹೊಲ ನಾರಾಯಣಪುರ ಎಡದಂಡೆ ಕಾಲುವೆಯ ತುದಿಯಲ್ಲಿದೆ. ಟೇಲ್ ಎಂಡ್ ಅಂತಾರೆ, ಈ ಇಂಗ್ಲಿಷ್ ಪದ ನಮ್ಮ ಕಡೆ ಓದು ಬಾರದವರಿಗೂ ಗೊತ್ತು. ಮೇಲಿನವರು ನೀರು ಹರಿಸಿಕೊಂಡು ಭತ್ತ ನಾಟಿ ಮಾಡ್ತಾರೆ, ತುದಿಗೆ ಬರುವಷ್ಟರಲ್ಲಿ ಕಾಲುವೆಯಲ್ಲಿ ಹುಲ್ಲು ಇರ್ತದೆ. ಕಾಕಾ ತೊಗರಿ, ಹತ್ತಿ ಬಿತ್ತುತ್ತಾನೆ, ಭತ್ತದ ಸುದ್ದಿಗೆ ಹೋಗೋದಿಲ್ಲ. ನಮ್ಮ ಟ್ರೇನರ್ ನೋಡಿದರೆ, ಇವರು ದೊಡ್ಡದಾಗಿ ಯೋಚಿಸೋದಿಲ್ಲ ಅನ್ನಬಹುದು. ಒಂದು ವರ್ಷ ದೊಡ್ಡದಾಗಿ ಯೋಚಿಸಿದ್ದ, ಭತ್ತ ನಾಟಿ ಮಾಡಿದ್ದ. ಆ ವರ್ಷದ ಸಾಲ ತೀರಿಸೋದಕ್ಕೆ ಮೂರು ವರ್ಷ ಹಿಡೀತು.

ಈ ಬಗೆಯ ಪುಸ್ತಕಗಳಿಗೆಲ್ಲ ಅಜ್ಜನಂಥ ಪುಸ್ತಕ ನೆಪೋಲಿಯನ್ ಹಿಲ್‌ನ 'ಥಿಂಕ್ ಅಂಡ್ ಗ್ರೋ ರಿಚ್'. ಅದು ಬಂದದ್ದು 1937ರಲ್ಲಿ, ಅಮೆರಿಕದ ಮಹಾ ಆರ್ಥಿಕ ಕುಸಿತ ಇನ್ನೂ ಮುಗಿದಿರಲಿಲ್ಲ. ಬ್ಯಾಂಕುಗಳು ಮುಳುಗಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡ ಕಾಲದಲ್ಲಿ, ಸಿರಿತನ ಬಡತನ ಎರಡೂ ಯೋಚನೆಯಿಂದಲೇ ಶುರು ಅಂತ ಹೇಳಿದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯ್ತು. ಆ ಜನರನ್ನ ನಾನು ಹಾಸ್ಯ ಮಾಡೋದಿಲ್ಲ. ಬ್ಯಾಂಕನ್ನ ಸರಿ ಮಾಡೋದು ನಿಮ್ಮ ಕೈಲಿಲ್ಲ, ಯೋಚನೆ ಕೈಲಿದೆ ಅನ್ನಿಸಿದರೆ ಯಾರಾದರೂ ಅದನ್ನೇ ಹಿಡ್ಕೊಳ್ತಾರೆ.

"ಕೈಲಿದೆ" ಅನ್ನೋ ಮಾತು ಬಂದದ್ದಕ್ಕೆ ಇನ್ನೊಂದು ಸಂಶೋಧನೆ ಹೇಳಬೇಕು. ಅಮೆರಿಕದ ಮನಃಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್, ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿದ್ದರು. ಏನು ಮಾಡಿದರೂ ನಿಲ್ಲದ ಕರೆಂಟ್ ಶಾಕ್ ಅನುಭವಿಸಿದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ತಪ್ಪಿಸಿಕೊಳ್ಳುವ ದಾರಿ ಇದ್ದರೂ ಸುಮ್ಮನೆ ಬಿದ್ದಿರ್ತಿದ್ದವು. ಇದಕ್ಕೆ ಕಲಿತ ಅಸಹಾಯಕತೆ ಅಂತ ಹೆಸರಿಟ್ಟರು. ಎಷ್ಟೋ ಟ್ರೇನಿಂಗ್‌ಗಳು ಇವತ್ತಿಗೂ ಇದರ ಮೇಲೇ ನಿಂತಿವೆ. ಆದರೆ ಐವತ್ತು ವರ್ಷದ ಹತ್ತಿರ, 2016ರಲ್ಲಿ, ಆ ಇಬ್ಬರೇ ತಮ್ಮ ಮಾತು ತಿದ್ದಿಕೊಂಡರು. ಮೆದುಳಿನ ಅಧ್ಯಯನಗಳನ್ನ ನೋಡಿದ ಮೇಲೆ ಅವರು ಬರೆದದ್ದರ ಸಾರ ಇಷ್ಟು: ಅಸಹಾಯಕತೆಯನ್ನ ಯಾರೂ ಕಲಿಯೋದಿಲ್ಲ. ಹೊಡೆತ ಬೀಳ್ತಾ ಇದ್ದರೆ ಮುದುಡಿಕೊಳ್ಳೋದು ಜೀವದ ಮೂಲ ಸ್ವಭಾವ. ಕಲಿಯಬೇಕಾಗಿರೋದು, ನಾನು ಏನಾದರೂ ಮಾಡಿದರೆ ಏನಾದರೂ ಬದಲಾಗ್ತದೆ ಅನ್ನೋದನ್ನ. ಅದನ್ನ ಕಲಿಯೋದು, ಏನೋ ಮಾಡಿದಾಗ ಏನೋ ನಿಜವಾಗಲೂ ಬದಲಾದರೆ ಮಾತ್ರ.

ಇದು ಓದಿದಾಗ ನನ್ನದೇ ಕಥೆ ಬೇರೆ ಥರ ಕಾಣಿಸ್ತು. ಇಷ್ಟು ದಿನ ನಾನು ಹೇಳಿಕೊಳ್ತಿದ್ದದ್ದು, ಸುರಪುರದ ಕನ್ನಡ ಮೀಡಿಯಂ ಹುಡುಗಿ ಛಲದಿಂದ ಓದಿ ಬೆಂಗಳೂರಲ್ಲಿ ಇಂಜಿನಿಯರ್ ಆದಳು ಅಂತ. ಛಲ ಇತ್ತು, ಇಲ್ಲ ಅನ್ನೋದಿಲ್ಲ. ಆದರೆ 2014ರಲ್ಲಿ ನನಗೆ ಬೆಂಗಳೂರಿನ ಒಳ್ಳೆಯ ಕಾಲೇಜಲ್ಲಿ ಸೀಟು ಸಿಕ್ಕಿದ್ದು 371(ಜೆ) ಅಡಿಯಲ್ಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನ ತಿದ್ದುಪಡಿ ಸಂಸತ್ತಿನಲ್ಲಿ ಪಾಸಾಗಿದ್ದು 2012ರ ಡಿಸೆಂಬರ್‌ನಲ್ಲಿ. ಆಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮಗೆ ಅಂತ ಆಯ್ತು. ನಾನು ಆ ಎಂಟರಲ್ಲಿ ಒಬ್ಬಳು. ಎರಡು ವರ್ಷ ಮೊದಲು ಹುಟ್ಟಿದ್ದರೆ ಇದೇ ಛಲ ಇಟ್ಟುಕೊಂಡು ಬಹುಶಃ ಬೇರೆ ಎಲ್ಲೋ ಇರ್ತಿದ್ದೆ. ಹಾಸ್ಟೆಲ್‌ನಲ್ಲಿ ಯಾರೋ "ಓ, ಎಚ್‌ಕೆ ಕೋಟಾನಾ" ಅಂದಿದ್ದರು. ನಾನು ಊರಿನ ಹೆಸರು ನುಂಗಲು ಶುರು ಮಾಡಿದ್ದು ಅವತ್ತಿನಿಂದ. ಮೊದಲ ಸೆಮಿಸ್ಟರ್‌ನಲ್ಲಿ ಎರಡು ಬ್ಯಾಕ್. ಎರಡನೆಯದರಲ್ಲಿ ಒಂದು. ಮೂರನೆಯದರಲ್ಲಿ ಪೂರ್ತಿ ಕ್ಲಿಯರ್ ಆದಾಗ, "ಓದಿದರೆ ಬರ್ತದೆ" ಅನ್ನೋದು ಮೊದಲ ಸಲ ನನಗೆ ಸುದ್ದಿಯ ಥರ ತಲುಪಿತು. ಅದಕ್ಕೆ ಮೊದಲು ಹತ್ತು ಜನ ಹೇಳಿದ್ದರು, ನಂಬಿರಲಿಲ್ಲ.

ಹಾಗಾಗಿ ಸೆಷನ್ನಿನ ಬಗ್ಗೆ ನನ್ನ ತೀರ್ಪು ಕೇಳಿದರೆ: ಅಲ್ಲಿ ಕೂತಿದ್ದ ನಮಗೆ ಅದರಿಂದ ಒಂದಿಷ್ಟು ಉಪಯೋಗ ಇತ್ತು. ಸಂಬಳ ಹೆಚ್ಚು ಕೇಳೋದಕ್ಕೆ ನಾಚಿಕೊಳ್ಳುವವರು, ಮೀಟಿಂಗಲ್ಲಿ ಬಾಯಿ ಬಿಡದವರು, ಇವರಿಗೆಲ್ಲ ಒಂದು ತಳ್ಳು ಸಾಕು, ಯಾಕಂದ್ರೆ ಹಗ್ಗ ನಿಜವಾಗಲೂ ತೆಳ್ಳಗಾಗಿದೆ. ಬೇರೆಯವರು ಯಾರೋ ಅದನ್ನ ಮೊದಲೇ ತೆಳ್ಳಗೆ ಮಾಡಿಟ್ಟಿದ್ದಾರೆ. ನನ್ನ ವಿಷಯದಲ್ಲಿ ಒಂದು ಕಾನೂನು, ಒಂದು ಸೀಟು, ಫೀಸಿಗೆ ಅವ್ವ ಮಾರಿದ ಎರಡು ಬಳೆ. ತಪ್ಪು ಆಗೋದು, ನಮಗೆ ಕೆಲಸ ಮಾಡಿದ ಮಾತನ್ನ ಸರಪಳಿಯಲ್ಲಿರುವವರಿಗೆ ಹೋಗಿ ಹೇಳಿದಾಗ. ನಮ್ಮ ಆಫೀಸಿನ ಹಿಂದೆ ಇನ್ನೊಂದು ಟವರ್ ಏಳ್ತಿದೆ. ಅದರ ಬುಡದಲ್ಲಿ ತಗಡಿನ ಶೆಡ್ಡುಗಳು. ಸಂಜೆ ಅಲ್ಲಿಂದ ಕೇಳೋದು ನಮ್ಮ ಶಹಾಪುರದ ಕಡೆಯ ಕನ್ನಡ. ಹದಿನೇಳು ಮಹಡಿ ಕಟ್ಟಿದವರಿಗೆ ಆತ್ಮವಿಶ್ವಾಸ ಕಡಿಮೆ ಅಂತ ಹೇಳೋದಕ್ಕೆ ನನಗಂತೂ ಬಾಯಿ ಬರೋದಿಲ್ಲ.

ತಮ್ಮನ ವಿಷಯಕ್ಕೆ ಬರ್ತೀನಿ. ಆ ವರ್ಷದಿಂದ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆ ಮಾಡಿದ್ದರು, ಜೂನ್‌ನಲ್ಲಿ ಇನ್ನೊಂದು ಅವಕಾಶ ಇತ್ತು. ಬೆಂಗಳೂರಿಗೆ ಬರೋದನ್ನ ಒಂದು ತಿಂಗಳು ಮುಂದೂಡು ಅಂತ ಕೇಳಿಕೊಂಡೆ. "ಆಗ್ತದ ನಿನ್ನಿಂದ" ಅಂತೇನೂ ಹೇಳಲಿಲ್ಲ. ಕಾಕಾಗೆ ಒಂದು ತಿಂಗಳ ಕೂಲಿಯಷ್ಟು ದುಡ್ಡು ಕಳಿಸಿದೆ, ರಂಗಂಪೇಟೆಯಲ್ಲಿ ಗಣಿತ ಹೇಳಿಕೊಡುವ ಒಬ್ಬರನ್ನ ಹುಡುಕಿದ್ವಿ. ಅವರು ಪೂರ್ತಿ ಪುಸ್ತಕ ಮುಟ್ಟಲಿಲ್ಲ, ನಾಲ್ಕು ಅಧ್ಯಾಯ ಹಿಡ್ಕೊಂಡು ಅದನ್ನೇ ತಿಕ್ಕಿಸಿದರು. ಪರೀಕ್ಷೆ-2ರಲ್ಲಿ ಗಣಿತ, ಇಂಗ್ಲಿಷ್ ಹೋಯ್ತು. ಗಣಿತಕ್ಕೆ 41. ವಿಜ್ಞಾನ ಉಳೀತು.

ಆಗಸ್ಟಿನ ಪರೀಕ್ಷೆಗೆ ವಾರ ಇದ್ದಾಗ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಓಮ್ ನಿಯಮದ ಲೆಕ್ಕ, ನೋಟ್‌ಬುಕ್ಕಿನ ಪುಟ, ಕರೆಂಟ್ ಹೋಗಿದ್ದಕ್ಕೆ ಟಾರ್ಚ್ ಬೆಳಕಿನಲ್ಲಿ ತೆಗೆದದ್ದು. ಕೆಳಗೆ ಒಂದೇ ಸಾಲು: "ಅಕ್ಕಾ, ಬರೋಬ್ಬರಿ ಅದ ಏನು ನೋಡು."

ಉತ್ತರ ಸರಿ ಇತ್ತು. ಯೂನಿಟ್ ಬರೆದಿರಲಿಲ್ಲ. "ಆಂಪಿಯರ್ ಅಂತ ಹಾಕು, ಇಲ್ಲಾಂದ್ರ ಅರ್ಧ ಮಾರ್ಕ್ ಹೋಗ್ತದ" ಅಂತ ಬರೆದೆ.

"ಹೂಂ" ಅಂತ ಕಳಿಸಿದ. ಎರಡು ನಿಮಿಷಕ್ಕೆ ಇನ್ನೊಂದು ಫೋಟೋ ಬಂತು.